ಉಪ್ಪು ಕೊನೆಗೆ ಹಾಕ್ತೀನಿ, ಇನ್ನೊಂದು ಅವಕಾಶ ಕೊಡಿ

ನಮ್ಮ ಪಾರ್ಕಿನ ಬೆಳಗಿನ ವಾಕಿಂಗ್ ಬಳಗದ ಅಕ್ಕಂದಿರೇ, ಅಣ್ಣಂದಿರೇ, ಎರಡನೇ ಸುತ್ತಿಗೇ ಬೆಂಚು ಹಿಡಿದು ಕೂರುವ ಸಾರ್‌ಗಳೇ,

ಕಳೆದ ವರ್ಷ ಸಂಕ್ರಾಂತಿ ಮುಗಿದ ಭಾನುವಾರ ಮನೆಗೊಂದು ಡಬ್ಬಿಯಂತೆ ತಂದು ಪಾರ್ಕಿನ ಮಂಟಪದಲ್ಲಿ ಒಟ್ಟಿಗೆ ಊಟ ಮಾಡಿದೆವಲ್ಲ, ಅವತ್ತು ಮುಕ್ಕಾಲು ಬೇಸಿನ್ ಹಾಗೇ ಉಳಿದದ್ದು ನನ್ನ ಚಕ್ಕೋತದ ಸಲಾಡ್. ಯಾರೂ ಕೆಟ್ಟ ಮಾತು ಆಡಲಿಲ್ಲ. "ಚೆನ್ನಾಗಿದೆ, ಆರೋಗ್ಯಕ್ಕೆ ಒಳ್ಳೇದು" ಅಂದಿರಿ. ಅಡುಗೆಯನ್ನು ಯಾರಾದರೂ ಆರೋಗ್ಯಕ್ಕೆ ಒಳ್ಳೇದು ಅಂತ ಹೊಗಳಿದರೆ ಅದರ ಅರ್ಥ ಏನು ಅಂತ ಇಷ್ಟು ವರ್ಷ ಒಲೆ ಮುಂದೆ ನಿಂತವಳಿಗೆ ಗೊತ್ತಾಗದೇ? ಎಲೆ ಎತ್ತುವಾಗ ನೋಡಿದೆ. ಪುಳಿಯೋಗರೆಯ ಒಂದು ಅಗುಳೂ ಉಳಿದಿರಲಿಲ್ಲ. ಚಕ್ಕೋತ ಮಾತ್ರ ಎಲ್ಲರ ಎಲೆಯ ತುದಿಯಲ್ಲೂ ಉಪ್ಪಿನಕಾಯಿ ಪಕ್ಕ ಸಾಲಾಗಿ ಕೂತಿತ್ತು. ಅವತ್ತಿನಿಂದ ನನಗೆ ಚಕ್ಕೋತ ಆಂಟಿ ಅಂತ ಹೆಸರು ಬಿದ್ದಿದೆ. ಗೊತ್ತಿಲ್ಲದವಳ ಹಾಗೆ ಇದ್ದೇನೆ, ಅಷ್ಟೇ.

ಈ ಸಲದ ಪಟ್ಟಿ ಗ್ರೂಪಿನಲ್ಲಿ ಬಂತು. ನನ್ನ ಹೆಸರಿನ ಮುಂದೆ "ಸಲಾಡ್ ಬೇಡ, ಹಪ್ಪಳ ಸಾಕು" ಅಂತ ಬರೆದಿದ್ದೀರಿ. ಸಲಾಡ್ ಜಾಗಕ್ಕೆ ಫ್ರೂಟ್ ಕಸ್ಟರ್ಡ್ ಬಂದಿದೆ. ಅದಕ್ಕೇ ಈ ಪತ್ರ. ಗ್ರೂಪಿನಲ್ಲಿ ಹಾಕಿದರೆ ಗುಡ್ ಮಾರ್ನಿಂಗ್ ಹೂಗಳ ನಡುವೆ ಕಳೆದುಹೋಗುತ್ತದೆ ಅಂತ ಪ್ರಿಂಟ್ ತೆಗೆಸಿ ಮಂಟಪದ ಕಂಬಕ್ಕೆ ಅಂಟಿಸುತ್ತಿದ್ದೇನೆ.

ಮೊದಲು ತಪ್ಪೊಪ್ಪಿಗೆ. ಅವತ್ತು ಬೆಳಿಗ್ಗೆ ಆರೂವರೆಗೇ ಎಲ್ಲ ಹೆಚ್ಚಿ, ಉಪ್ಪು ಹಾಕಿ ಕಲಸಿ ಮುಚ್ಚಿಟ್ಟೆ. ಬಡಿಸಿದ್ದು ಹನ್ನೆರಡೂವರೆಗೆ. ಉಪ್ಪು ಬಿದ್ದ ಸೌತೆಕಾಯಿ ಆರು ಗಂಟೆ ಸುಮ್ಮನೆ ಕೂರುತ್ತದೆಯೇ? ಒಳಗಿನ ನೀರೆಲ್ಲ ಹೊರಗೆ ಬಂತು, ಆ ನೀರಿಗೆ ಚಕ್ಕೋತದ ರಸವೂ ಸೇರಿತು. ಎರಡನೇ ತಪ್ಪು ಇನ್ನೂ ದೊಡ್ಡದು. ಅವಸರದಲ್ಲಿ ತೊಳೆಗಳ ಮೇಲಿನ ಪೊರೆಯನ್ನು ಅರ್ಧಂಬರ್ಧ ಸುಲಿದಿದ್ದೆ. ಚಕ್ಕೋತದ ಕಹಿ ಇರುವುದು ಮುಖ್ಯವಾಗಿ ಆ ಪೊರೆಯಲ್ಲಿ, ಸಿಪ್ಪೆಯ ಒಳಗಿನ ಬಿಳಿ ಬೆಂಡಿನಲ್ಲಿ. ನರಿಂಜಿನ್ ಅನ್ನುವ ಅಂಶ ಅದು. ಆರು ಗಂಟೆ ಆ ಪೊರೆ ನೀರಿನಲ್ಲಿ ನೆನೆದರೆ ಬಟ್ಟಲೆಲ್ಲ ಕಹಿ. ಅಂದರೆ ನೀವು ತಳ್ಳಿಟ್ಟದ್ದು ನನ್ನ ಅವಸರವನ್ನು. ಹಣ್ಣಿನದು ಏನೂ ತಪ್ಪಿರಲಿಲ್ಲ. ಅದಕ್ಕೆ ಸಿಕ್ಕ ಶಿಕ್ಷೆ ಮಾತ್ರ ಅನ್ಯಾಯ.

ಇನ್ನು ನಿಮ್ಮ ತಪ್ಪಿಗೆ ಬರುತ್ತೇನೆ. ಚಳಿಗೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಐದು ಸುತ್ತು ಹಾಕುತ್ತೀರಿ. ಆಮೇಲೆ ನೇರ ಗೇಟಿನ ಹತ್ತಿರದ ಜ್ಯೂಸ್ ಗಾಡಿಗೆ. ಒಂದು ಲೋಟ ಮೋಸಂಬಿ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು. ಅದರ ನಾರೆಲ್ಲ ಗಾಡಿಯ ಕೆಳಗಿನ ಬಕೆಟ್ಟಿಗೆ ಹೋಗುತ್ತದೆ, ಸಿಹಿ ನೀರು ನಿಮ್ಮ ಹೊಟ್ಟೆಗೆ. ಮೇಲೆ ಎರಡು ಚಮಚ ಸಕ್ಕರೆ ಬೇರೆ, "ಸ್ವಲ್ಪ ಹಾಕಪ್ಪಾ" ಅಂತ ಕೇಳಿ ಹಾಕಿಸಿಕೊಳ್ಳುವುದು. ಕೂತು ನಾಲ್ಕು ಮೋಸಂಬಿ ಬಿಡಿಸಿ ತಿನ್ನಿ ನೋಡೋಣ, ಎರಡನೆಯದಕ್ಕೇ ಸಾಕು ಅನ್ನಿಸುತ್ತದೆ. ಕುಡಿದರೆ ಸಾಕು ಅನ್ನಿಸುವುದೇ ಇಲ್ಲ. ನಮ್ಮ ಮೂರ್ನಾಲ್ಕು ಜನಕ್ಕೆ ಸಕ್ಕರೆ ಕಾಯಿಲೆ ಇದೆ, ಹೆಸರು ಹೇಳುವುದಿಲ್ಲ, ಅವರಿಗೇ ಗೊತ್ತು. ಮನೆಯಲ್ಲಿ ಮಿಕ್ಸಿಗೆ ಕಿತ್ತಳೆ ಹಾಕಿ ರಸ ತೆಗೆಯುವವರೂ ಇದ್ದೀರಿ. ಬೀಜ, ಬೆಂಡು ಎಲ್ಲ ಅರೆದುಹೋಗಿ ಅರ್ಧ ಗಂಟೆಯಲ್ಲಿ ರಸ ಕಹಿಯಾಗುತ್ತದೆ. ಕಹಿಯಾಯಿತು ಅಂತ ಮತ್ತೆ ಸಕ್ಕರೆ. ಕಸ್ಟರ್ಡ್ ಬಗ್ಗೆ ನಾನು ಏನೂ ಹೇಳುವುದಿಲ್ಲ. ಹಾಲಿನ ಪುಡಿ ಬಣ್ಣದಲ್ಲಿ ತೇಲುವ ಸೇಬಿನ ಹೋಳಿಗೆ ನಾನೇನು ಹೇಳಲಿ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೊರತಂದ ಆಹಾರದ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಅಂತ ಲೆಕ್ಕ ಹಾಕಿದ್ದಾರೆ. ನಾಲ್ಕು ನೂರು ಗ್ರಾಂ ಅಂದರೆ ಎಷ್ಟು ಅಂತ ಒಮ್ಮೆ ತಕ್ಕಡಿಯಲ್ಲಿಟ್ಟು ನೋಡಿದೆ. ನಮ್ಮ ಮನೆಯಲ್ಲಿ ಇಬ್ಬರಿಗೂ ಸೇರಿ ಅಷ್ಟಾಗುತ್ತಿರಲಿಲ್ಲ. ಸಾರಿನಲ್ಲಿ ತೇಲುವ ನಾಲ್ಕು ಹುರುಳಿಕಾಯಿ, ಪಲ್ಯ ಎರಡು ಚಮಚ, ಇಷ್ಟೇ ನಮ್ಮ ತರಕಾರಿ. ಉಳಿದದ್ದೆಲ್ಲ ಅನ್ನ. ಹಸಿಯಾಗಿ ಒಂದು ಬಟ್ಟಲು ತಿನ್ನದಿದ್ದರೆ ಈ ಲೆಕ್ಕ ತುಂಬುವುದೇ ಇಲ್ಲ.

ಹಸಿಯಾಗಿ ತಿನ್ನುವುದು ನಮಗೇನು ಹೊಸದೇ? ಸಲಾಡ್ ಅಂದ ತಕ್ಷಣ ಗಾಜಿನ ಬಾಟಲಿಯ ಬಿಳಿ ಸಾಸು, ಹೆಸರು ಹೇಳಲು ನಾಲಿಗೆ ಹೊರಳದ ಸೊಪ್ಪು, ಆಲಿವ್ ಎಣ್ಣೆ ಇವೆಲ್ಲ ಕಣ್ಣ ಮುಂದೆ ಬರುತ್ತವೆ. ಕೋಸಂಬರಿ ಅಂದರೆ ರಾಮನವಮಿ, ಪಾನಕ, ಮದುವೆ ಮನೆಯ ಎಲೆಯ ತುದಿಯ ಒಂದು ಚಮಚ. ಎರಡೂ ಒಂದೇ ಸಾಮಾನು. ಕೋಸಂಬರಿಯನ್ನು ಚಮಚದಿಂದ ಬಟ್ಟಲಿಗೆ ಏರಿಸಿದರೆ ಸಲಾಡ್ ಆಯಿತು. ಬೇಸಿಗೆಯಲ್ಲಿ ಅದಕ್ಕೆ ಮಾವಿನಕಾಯಿ ತುರಿ ಬೀಳುತ್ತದೆ. ಚಳಿಗಾಲದಲ್ಲಿ ಮಾವಿನಕಾಯಿ ಇಲ್ಲ ಅಂತ ಒಂದು ಹೋಳು ನಿಂಬೆಹಣ್ಣು ಹಿಂಡಿ ಕೈ ತೊಳೆದುಕೊಳ್ಳುತ್ತೇವೆ. ಅಲ್ಲೇ ನನ್ನ ತಕರಾರು ಇರುವುದು. ಕಾರ್ತಿಕ ಕಳೆದು ಬಸವನಗುಡಿ ಪರಿಷೆಯಿಂದ ಕಡಲೆಕಾಯಿ ಮನೆಗೆ ಬರುವ ಹೊತ್ತಿಗೆ ಗಾಡಿಗಳ ತುಂಬ ಹುಳಿಹಣ್ಣು. ಮಾರ್ಕೆಟ್ಟೇ ಕೈಗೆ ಕೊಡುತ್ತಿರುವ ಹುಳಿಯನ್ನು ಬಿಟ್ಟು ಬರೀ ನಿಂಬೆ ಯಾಕೆ?

ಗಾಡಿಯಲ್ಲಿ ಏನೇನಿದೆ ನೋಡಿ. ಉದ್ದನೆಯ ಕತ್ತಿನ, ಸಿಪ್ಪೆ ಸಡಿಲವಾದ ನಾಗಪುರದ ಕಿತ್ತಳೆ ನವೆಂಬರಿನಿಂದ ಬರುತ್ತದೆ. ಅದರ ಪಕ್ಕದಲ್ಲೇ ಮಿರಮಿರ ಮಿಂಚುವ, ಸಿಪ್ಪೆ ಬಿಗಿಯಾದ ಹಣ್ಣು ಕಿನ್ನೋ. ಕಿತ್ತಳೆಯ ಎರಡು ಜಾತಿ ಕೂಡಿಸಿ ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ತಳಿ ಅದು. 1935ರಲ್ಲಿ ಹೊರಬಂದು, ಆಮೇಲೆ ಪಂಜಾಬಿಗೆ ಬಂದು ಅಲ್ಲಿಯದೇ ಆಗಿಬಿಟ್ಟಿದೆ. ರಸ ಜಾಸ್ತಿ, ಬೀಜವೂ ಜಾಸ್ತಿ. ಗಾಡಿಯವನು ಎರಡನ್ನೂ ಕಿತ್ತಳೆ ಅಂತಲೇ ಮಾರುತ್ತಾನೆ. ಸಲಾಡಿಗೆ ನಾಗಪುರದ್ದೇ ಸರಿ, ತೊಳೆ ಕೈಯಲ್ಲೇ ಬಿಡಿಸಬಹುದು. ಕೊಡಗಿನ ಕಿತ್ತಳೆ ಸಿಕ್ಕರೆ ಚೌಕಾಸಿ ಮಾಡದೆ ತನ್ನಿ. ಕಾಫಿ ತೋಟದ ನೆರಳಲ್ಲಿ ಬೆಳೆಯುವ ಸಣ್ಣ ಹಣ್ಣು, ಸಿಹಿಗಿಂತ ಒಂದು ಕೂದಲೆಳೆ ಹುಳಿ ಮುಂದೆ ಇರುತ್ತದೆ. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಆದರೆ ಗ್ರೀನಿಂಗ್ ಅನ್ನುವ ರೋಗ ಬಿದ್ದು ಮರಗಳೇ ಕಡಿಮೆಯಾದವು. ಈಗ ಬೆಂಗಳೂರಿನ ಗಾಡಿಯಲ್ಲಿ "ಕೂರ್ಗ್ ಆರೆಂಜ್ ಮೇಡಂ" ಅಂತ ಕೂಗಿದ್ದೆಲ್ಲ ಕೂರ್ಗಿನದಲ್ಲ. ಮೋಸಂಬಿ ಅಂತ ನಾವು ಕೊಳ್ಳುವುದರಲ್ಲಿ ಬಹಳಷ್ಟು ಅನಂತಪುರ, ಕಡಪ ಕಡೆಯ ಚೀನಿ ಹಣ್ಣು. ಸಿಪ್ಪೆ ಹಸಿರಾಗಿದೆ ಅಂತ ಕಾಯಿ ಅಂದುಕೊಳ್ಳಬೇಡಿ. ನಮ್ಮ ಕಡೆ ರಾತ್ರಿ ಸಾಕಷ್ಟು ಚಳಿ ಬೀಳದೆ ಸಿಪ್ಪೆಯ ಹಸಿರು ಹೋಗುವುದಿಲ್ಲ, ಒಳಗೆ ಹಣ್ಣಾಗಿಯೇ ಇರುತ್ತದೆ. ಬಣ್ಣ ನೋಡುವುದು ಬಿಟ್ಟು ಕೈಯಲ್ಲಿ ತೂಗಿ ನೋಡಿ. ಒಂದೇ ಗಾತ್ರದ ಎರಡು ಹಣ್ಣಿನಲ್ಲಿ ಭಾರವಾದದ್ದು ರಸದ್ದು.

ಈಗ ಚಕ್ಕೋತ. ನನ್ನ ತವರು ದೇವನಹಳ್ಳಿ ಹತ್ತಿರ. ಹಿತ್ತಲಲ್ಲಿ ಬಾವಿಯ ಪಕ್ಕ ಒಂದು ಮರ ಇತ್ತು. ನಮ್ಮ ಮನೆಯಲ್ಲಷ್ಟೇ ಅಲ್ಲ, ಬೀದಿಯಲ್ಲಿ ಎಷ್ಟೋ ಹಿತ್ತಲುಗಳಲ್ಲಿ ಇತ್ತು. ದೇವನಹಳ್ಳಿ ಚಕ್ಕೋತಕ್ಕೂ ಕೊಡಗಿನ ಕಿತ್ತಳೆಯಂತೆಯೇ ಸರ್ಕಾರದ ಮಾನ್ಯತೆ ಸಿಕ್ಕಿದೆ. ಮರಗಳಿಗೆ ಮಾತ್ರ ಜಾಗ ಸಿಗಲಿಲ್ಲ. 2008ರಲ್ಲಿ ವಿಮಾನ ಹಾರಲು ಶುರುವಾದ ಮೇಲೆ ಆ ಕಡೆಯ ಹಿತ್ತಲು, ತೋಟ ಎಲ್ಲ ಸೈಟಾದವು. ನಮ್ಮ ಮರದ ಜಾಗದಲ್ಲಿ ಈಗ ಯಾರದೋ ಕಾರು ನಿಲ್ಲುತ್ತದೆ. ಚಿಕ್ಕವರಿದ್ದಾಗ ಅಪ್ಪ ಸಿಪ್ಪೆಯನ್ನು ಮೇಲಿನಿಂದ ಅರ್ಧಕ್ಕೆ ಕೊಯ್ದು ಹಾಗೇ ಬಟ್ಟಲಿನಂತೆ ಬಿಡಿಸಿ ಕೊಡುತ್ತಿದ್ದರು. ಅದನ್ನು ಟೋಪಿ ಮಾಡಿಕೊಂಡು ಬೀದಿ ಸುತ್ತುತ್ತಿದ್ದೆವು. ಸಂಜೆಯವರೆಗೂ ತಲೆಗೂದಲು ಘಮ್ಮನ್ನುತ್ತಿತ್ತು.

ಒಂದು ಎಚ್ಚರಿಕೆ. ನಮ್ಮ ತರಕಾರಿಯಮ್ಮನ ಹತ್ತಿರ ಬರೀ "ಚಕ್ಕೋತ ಕೊಡಮ್ಮ" ಅಂದರೆ ಚಕ್ಕೋತ ಸೊಪ್ಪಿನ ಕಟ್ಟು ಕೈಗೆ ಬರುತ್ತದೆ. ಅದು ಬೇರೆ, ಸಾರಿಗೆ ಸೊಗಸು. ಹಣ್ಣು ಅಂತ ಒತ್ತಿ ಹೇಳಿ.

ಬಿಡಿಸುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಎಲ್ಲ ಇರುವುದು ಅಲ್ಲೇ. ತುದಿಯ ಎರಡು ಕಡೆ ಒಂದು ಬೆರಳು ದಪ್ಪ ಕೊಯ್ದು ತೆಗೆಯಿರಿ. ಮೇಲಿನಿಂದ ಕೆಳಗೆ ಆರೇಳು ಗೆರೆ ಎಳೆಯಿರಿ, ಚಾಕು ಬಿಳಿ ಬೆಂಡಿನವರೆಗೆ ಮಾತ್ರ ಇಳಿಯಲಿ. ಹೆಬ್ಬೆರಳು ತೂರಿಸಿ ಎಳೆದರೆ ಸಿಪ್ಪೆ ಹಾಳೆಹಾಳೆಯಾಗಿ ಕಿತ್ತು ಬರುತ್ತದೆ. ಆಗ ಒಳಗಿನ ಹಣ್ಣು ಹತ್ತಿ ಸುತ್ತಿದ ಚೆಂಡಿನಂತೆ ಇರುತ್ತದೆ. ಆ ಹತ್ತಿಯನ್ನೂ ಉಗುರಿನಿಂದ ಬಿಡಿಸಿ ತೆಗೆದು ಎರಡು ಹೋಳು ಮಾಡಿ. ಒಂದೊಂದು ತೊಳೆಯ ಬೆನ್ನಿನ ಕಡೆ ಅಲ್ಲ, ಒಳಗಿನ ಚೂಪು ಅಂಚಿನ ಕಡೆ ಪೊರೆಯನ್ನು ಚಾಕಿನ ತುದಿಯಿಂದ ಸೀಳಿ, ಎರಡೂ ಪಕ್ಕಕ್ಕೆ ಪುಸ್ತಕ ತೆರೆದ ಹಾಗೆ ಬಿಚ್ಚಿ. ಒಳಗೆ ತೆಳು ಗುಲಾಬಿ ಬಣ್ಣದ ಎಸಳು, ಒಂದೊಂದೂ ರಸ ತುಂಬಿದ ಸಣ್ಣ ಚೀಲ. ಕಿತ್ತಳೆಯ ಎಸಳಿನಂತೆ ಮುಟ್ಟಿದರೆ ಒಡೆಯುವುದಿಲ್ಲ. ಉದುರಿಸಿದರೆ ಮುತ್ತಿನ ಹಾಗೆ ಬಿಡಿಬಿಡಿಯಾಗಿ ಬೀಳುತ್ತದೆ. ಸಲಾಡಿಗೆ ಅಂತಲೇ ಹುಟ್ಟಿದ ಹಣ್ಣು ಅನ್ನುವುದು ಇದಕ್ಕೇ. ಒಂದು ಹಣ್ಣಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಅಷ್ಟು ಹೊತ್ತು ಧಾರಾವಾಹಿ ನೋಡುತ್ತೀರಲ್ಲ, ಕೈ ಖಾಲಿಯೇ ಇರುತ್ತದೆ.

ಕೋಸಂಬರಿಗೆ ಬರೋಣ. ನಾಲ್ಕು ಜನಕ್ಕೆ ಅರ್ಧ ಲೋಟ ಹೆಸರುಬೇಳೆ, ಮುಕ್ಕಾಲು ಗಂಟೆ ನೆನೆದರೆ ಸಾಕು. ಉಗುರಿನಲ್ಲಿ ಒತ್ತಿದರೆ ತುಂಡಾಗಬೇಕು, ಹಿಟ್ಟಾಗಬಾರದು. ನೀರು ಪೂರ್ತಿ ಬಸಿಯಿರಿ, ಜರಡಿಯಲ್ಲಿ ಹತ್ತು ನಿಮಿಷ ಬಿಟ್ಟರೂ ಒಳ್ಳೆಯದೇ. ಒಂದು ಸೌತೆಕಾಯಿ ಸಣ್ಣಗೆ ಹೆಚ್ಚಿ, ಒಂದು ಎಳೆ ಮೂಲಂಗಿ ತುರಿದು ಹಾಕಿ. ಚಳಿಗಾಲದ ಮೂಲಂಗಿಗೆ ಘಾಟು ಕಡಿಮೆ, ಹೆದರಬೇಡಿ. ಅರ್ಧ ಚಕ್ಕೋತದ ಎಸಳು, ಕೊತ್ತಂಬರಿ, ಒಂದು ಹಸಿಮೆಣಸಿನಕಾಯಿ, ಎರಡು ಚಮಚ ತೆಂಗಿನ ತುರಿ. ನಿಂಬೆರಸ ಬೇಡ. ಒಂದು ಚಮಚ ಎಣ್ಣೆಗೆ ಸಾಸಿವೆ, ಇಂಗು, ಕರಿಬೇವು ಹಾಕಿ ಒಗ್ಗರಣೆ ಮಾಡಿ, ಕೆಳಗಿಳಿಸಿ ಆರಿದ ಮೇಲೆ ಹಾಕಿ. ಚುರ್ರೆನ್ನುವ ಒಗ್ಗರಣೆ ಸುರಿದರೆ ಎಸಳು ಬೆಂದು ಬಣ್ಣ ಕೆಡುತ್ತದೆ. ಉಪ್ಪು ಎಲೆ ಹಾಕಿ ಆದ ಮೇಲೆ, ಬಡಿಸುವ ಮುಂಚೆ. ಸ್ವಲ್ಪ ಉಪ್ಪು ಬಿದ್ದರೆ ಚಕ್ಕೋತದ ಉಳಿದ ಕಹಿಯೂ ಅಡಗುತ್ತದೆ. ಸಕ್ಕರೆಗಿಂತ ಉಪ್ಪೇ ಕಹಿಯನ್ನು ಚೆನ್ನಾಗಿ ಹಿಡಿದುಹಾಕುತ್ತದೆ, ನಂಬದಿದ್ದರೆ ಎರಡು ಎಸಳಿಗೆ ಎರಡೂ ಹಚ್ಚಿ ನೋಡಿ.

ಎಣ್ಣೆಯೇ ಬೇಡ, ಡಯಟ್ಟು ಅನ್ನುವ ಅಕ್ಕನಿಗೆ ಒಂದು ಮಾತು. ಕ್ಯಾರೆಟ್ಟಿನ ಬಣ್ಣದಲ್ಲಿರುವ ಸತ್ವ ಮೈಗೆ ಹತ್ತಬೇಕಾದರೆ ಊಟದಲ್ಲಿ ಸ್ವಲ್ಪ ಎಣ್ಣೆ ಇರಲೇಬೇಕು. ಒಂದು ಚಮಚಕ್ಕೆ ಯಾರೂ ದಪ್ಪ ಆಗುವುದಿಲ್ಲ. ಕಡಲೆಕಾಯಿ ಎಣ್ಣೆ ಸಾಕು, ಆಲಿವ್ ಎಣ್ಣೆಗೆ ಕೊಡುವ ದುಡ್ಡಿನಲ್ಲಿ ಎರಡು ವಾರದ ಹಣ್ಣು ಬರುತ್ತದೆ.

ನಮ್ಮ ಮೇಲಿನ ಮನೆಯ ವಿಜಯಪುರದ ವೈನಿ ಹೋದ ಡಿಸೆಂಬರಿನಲ್ಲಿ ನನ್ನ ಕೋಸಂಬರಿ ತಿಂದು, "ಛಲೋ ಐತ್ರಿ, ಆದ್ರ ಹಸೀ ಮೆಂತೆ ಪಲ್ಲೆ ಇಲ್ದ ಥಂಡ್ಯಾಗ ಎಂಥಾ ಊಟರೀ?" ಅಂದರು. ಅವರ ಮನೆಯಲ್ಲಿ ಮೆಂತ್ಯ ಸೊಪ್ಪನ್ನು ಹಸಿಯಾಗಿಯೇ ಈರುಳ್ಳಿ, ಟೊಮೇಟೊ, ಶೇಂಗಾ ಪುಡಿ ಹಾಕಿ ಪಚಡಿ ಮಾಡಿ ರೊಟ್ಟಿಯ ಜೊತೆ ತಿನ್ನುತ್ತಾರೆ. ಮೇಲೆ ಇಂಡಿ ಕಡೆಯ ಲಿಂಬಿ ಹಿಂಡುವುದು. ಆ ಲಿಂಬೆಗೆ ಹೆಸರಿದೆ, ನನಗೇನೂ ತಕರಾರಿಲ್ಲ. ಆದರೂ ಒಂದು ದಿನ ಟೊಮೇಟೊ ಬಿಟ್ಟು ಕಿತ್ತಳೆ ತೊಳೆ ಹಾಕಿ ನೋಡೋಣ ಅಂದೆ. ವೈನಿ ಮುಖ ಹುಳ್ಳಗೆ ಮಾಡಿದರು. ಎರಡು ಕಿತ್ತಳೆಯ ತೊಳೆಗಳಿಂದ ನಾರು, ಬೀಜ ತೆಗೆದು ಅಡ್ಡಕ್ಕೆ ಮೂರು ತುಂಡು ಮಾಡಿದೆ. ಎಳೆ ಮೆಂತ್ಯದ ಎಲೆ ಮಾತ್ರ ಬಿಡಿಸಿ, ದಂಟು ತೆಗೆದು, ಎರಡು ಹಿಡಿ. ತೆಳ್ಳಗೆ ಹೆಚ್ಚಿದ ಈರುಳ್ಳಿ. ವೈನಿ ತಾವೇ ಒಂದು ಚಮಚ ಗುರೆಳ್ಳು ಪುಡಿ, ಹುರಿದು ಒಡೆದ ಶೇಂಗಾ ಉದುರಿಸಿದರು. ಮೆಂತ್ಯದ ಕಹಿ, ಕಿತ್ತಳೆಯ ಹುಳಿಸಿಹಿ, ಗುರೆಳ್ಳಿನ ಆ ಸುಟ್ಟ ವಾಸನೆ. ಎರಡನೇ ರೊಟ್ಟಿ ಮುರಿಯುವಾಗ ವೈನಿ, "ಇದನ್ನ ನಮ್ಮ ಅತ್ತಿಯವರ ಮುಂದ ಹೇಳಬ್ಯಾಡ್ರಿ" ಅಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಈ ಚಳಿಗಾಲದಲ್ಲಿ ಸಿಕ್ಕಿಲ್ಲ.

ಮೂರನೆಯದು ಇನ್ನೂ ಪಕ್ವವಾಗಿಲ್ಲ, ಆದರೂ ಹೇಳುತ್ತೇನೆ. ಸೊಗಡಿನ ಅವರೆ ಬಂದಾಗ ಮನೆಮನೆಯಲ್ಲಿ ಹಿತಕಿದ ಬೇಳೆ ಸಾರು, ಹುಗ್ಗಿ. ಹಿತಕಿದ ಬೇಳೆಯಲ್ಲಿ ಒಂದು ಲೋಟ ತೆಗೆದಿಟ್ಟು, ಉಪ್ಪು ನೀರಿನಲ್ಲಿ ಮೆತ್ತಗೆ ಬೇಯಿಸಿ ಆರಿಸಿ. ಹಸಿ ಅವರೆ ಬೇಡ, ಬೇಯಲೇಬೇಕು. ಅದಕ್ಕೆ ಮೋಸಂಬಿ ತೊಳೆ, ಎಳೆ ಶುಂಠಿ ತುರಿ, ಕಾಳುಮೆಣಸು. ಹೇರಳೆಕಾಯಿ ಸಿಕ್ಕರೆ ಅದರ ಸಿಪ್ಪೆಯ ಹಸಿರು ಭಾಗವನ್ನಷ್ಟೇ ತುರಿಮಣೆಯ ಸಣ್ಣ ಹಲ್ಲಿಗೆ ಎರಡು ಸಲ ಉಜ್ಜಿ. ಮೂರನೇ ಸಲ ಉಜ್ಜಿದರೆ ಬಿಳಿ ಬರುತ್ತದೆ, ಕಹಿಯೂ ಬರುತ್ತದೆ. ಪರಿಮಳ ಎಲ್ಲ ಆ ಹಸಿರಿನಲ್ಲಿದೆ. ಹೇರಳೆಕಾಯಿ ಗೊಜ್ಜು ಮಾಡುವವರಿಗೆ ಇದು ಹೇಳಿಕೊಡಬೇಕಾದ ಪಾಠವಲ್ಲ. ಬೀಟ್‌ರೂಟ್ ಹಾಕಿಯೂ ನೋಡಿದೆ. ರುಚಿ ಹೊಂದುತ್ತದೆ, ಆದರೆ ಬಟ್ಟಲೆಲ್ಲ ಹೋಳಿಹಬ್ಬ. ನಿಮ್ಮ ಬಿಳಿ ಜುಬ್ಬಾಗಳ ನೆನಪಾಗಿ ಕೈಬಿಟ್ಟೆ.

ಈಗ ಗಂಭೀರವಾದ ವಿಷಯ. ದಯವಿಟ್ಟು ಇದನ್ನು ಓದದೆ ಮುಂದೆ ಹೋಗಬೇಡಿ. ನಮ್ಮ ಬಳಗದಲ್ಲಿ ಬೆಳಿಗ್ಗೆ ಮಾತ್ರೆ ಡಬ್ಬಿ ತೆರೆಯದವರು ಇಬ್ಬರೋ ಮೂವರೋ ಇರಬಹುದು. ನಮ್ಮ ಯಜಮಾನರಿಗೆ ಕೊಲೆಸ್ಟರಾಲ್ ಮಾತ್ರೆ ಶುರುವಾದಾಗ ಡಾಕ್ಟರ್, "ಚಕ್ಕೋತ ತಿನ್ನುವ ಅಭ್ಯಾಸ ಇದೆಯಾ?" ಅಂತ ಕೇಳಿದರು. ಇವರು ನನ್ನ ಮುಖ ನೋಡಿದರು. ಗ್ರೇಪ್‌ಫ್ರೂಟ್ ಅನ್ನುವ ಹಣ್ಣು ಚಕ್ಕೋತದ ಹತ್ತಿರದ ಸಂಬಂಧಿ. ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ಮದ್ಯಕ್ಕೂ ರಕ್ತದೊತ್ತಡದ ಒಂದು ಮಾತ್ರೆಗೂ ಏನು ಸಂಬಂಧ ಅಂತ ಪರೀಕ್ಷೆ ಮಾಡುವಾಗ ಮದ್ಯದ ರುಚಿ ಮರೆಸಲು ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರಂತೆ. ರಕ್ತದಲ್ಲಿ ಮಾತ್ರೆಯ ಅಂಶ ಊಹೆ ಮೀರಿ ಏರಿತು, ಕಾರಣ ಮದ್ಯವಲ್ಲ, ರಸ. 1991ರಲ್ಲಿ ಅದನ್ನು ಪ್ರಕಟಿಸಿದರು. ಮಾತ್ರೆಯನ್ನು ಕರುಳಿನಲ್ಲಿ ಒಡೆದುಹಾಕುವ ಒಂದು ಕಿಣ್ವ ಇದೆ. ಈ ಹಣ್ಣಿನ ಅಂಶ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಆಗ ಒಂದು ಮಾತ್ರೆ ನುಂಗಿದರೂ ಮೈಗೆ ಎರಡು ಮೂರು ನುಂಗಿದ ಹಾಗೆ ಆಗಬಹುದು. ಚಕ್ಕೋತದಲ್ಲೂ ಅದೇ ಅಂಶ ಇದೆ. ಕೊಲೆಸ್ಟರಾಲಿಗೆ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ತೆಗೆದುಕೊಳ್ಳುವವರು, ಬಿಪಿಗೆ ನಿಫೆಡಿಪಿನ್ ತೆಗೆದುಕೊಳ್ಳುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು ತಮ್ಮ ಡಾಕ್ಟರನ್ನು ಕೇಳದೆ ಚಕ್ಕೋತ ಮುಟ್ಟಬೇಡಿ. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಅನ್ನುವ ಉಪಾಯ ನಡೆಯುವುದಿಲ್ಲ, ಆ ಕಟ್ಟು ಒಂದು ದಿನ ದಾಟಿಯೂ ಇರುತ್ತದೆ. ಮಾತ್ರೆ ಬಿಟ್ಟು ಹಣ್ಣು ತಿನ್ನುವ ಜಾಣತನವೂ ಬೇಡ. ನಾವು ತಿನ್ನುವ ಮಾಮೂಲಿ ಕಿತ್ತಳೆ, ಮೋಸಂಬಿಗೆ ಈ ತೊಂದರೆ ಇಲ್ಲ. ನಮ್ಮ ಮನೆಯಲ್ಲಿ ಈಗ ಎರಡು ಬಟ್ಟಲು: ನನಗೆ ಚಕ್ಕೋತದ್ದು, ಅವರಿಗೆ ಕಿತ್ತಳೆಯದು. ಅವರು ಇಷ್ಟರಲ್ಲೇ ನನ್ನ ಬಟ್ಟಲಿನ ಕಡೆ ನೋಡುವುದನ್ನು ಬಿಡುತ್ತಾರೆ ಅಂತ ನಂಬಿದ್ದೇನೆ.

ಸಿ ಜೀವಸತ್ವದ ಬಗ್ಗೆ ನಿಮಗೆಲ್ಲ ಗೊತ್ತು, ಕೊರೋನಾ ಕಾಲದಲ್ಲಿ ಮಾತ್ರೆ ಚೀಪಿದವರು ನಾವು. ನೂರು ಗ್ರಾಂ ಚಕ್ಕೋತದಲ್ಲಿ ಸುಮಾರು 60 ಮಿಲಿಗ್ರಾಂ ಇದೆ, ಹೆಂಗಸರಿಗೆ ದಿನಕ್ಕೆ ಬೇಕಾದ್ದು 65. ಅದಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ಕಬ್ಬಿಣದ ವಿಚಾರ. ಸೊಪ್ಪು, ಬೇಳೆಯ ಕಬ್ಬಿಣಾಂಶ ಸುಮ್ಮನೆ ಮೈಗೆ ಹತ್ತುವುದಿಲ್ಲ. ಅದೇ ಊಟದಲ್ಲಿ ಹುಳಿಹಣ್ಣು ಇದ್ದರೆ ಹತ್ತುತ್ತದೆ, ಊಟದ ಹಿಂದೆಯೇ ಕಾಫಿ ಕುಡಿದರೆ ಹೋಗುತ್ತದೆ. ಊಟಕ್ಕೆ ಹಿಂದೆಮುಂದೆ ಒಂದು ಗಂಟೆ ಕಾಫಿ, ಟೀ ಬೇಡ ಅಂತ ಮೇಲೆ ಹೇಳಿದ ಪೋಷಣಾ ಸಂಸ್ಥೆಯ ಮಾರ್ಗಸೂಚಿಯಲ್ಲೇ ಬರೆದಿದ್ದಾರೆ. ಫ್ಲಾಸ್ಕ್ ಹಿಡಿದು ಮಂಟಪಕ್ಕೆ ಬರುವ ಸಾರ್ ಇದನ್ನು ಓದುತ್ತಿದ್ದರೆ, ನಮಸ್ಕಾರ ಸಾರ್.

ನನ್ನ ಕೋರಿಕೆ ಇಷ್ಟೇ. ಈ ಭಾನುವಾರ ಹಪ್ಪಳ ಬೇರೆಯವರಿಗೆ ಕೊಡಿ. ನಾನು ಕಲಸಿದ್ದನ್ನು ತರುವುದಿಲ್ಲ. ಬಸಿದ ಬೇಳೆ ಒಂದು ಡಬ್ಬಿ, ಹೆಚ್ಚಿದ ತರಕಾರಿ ಒಂದು ಡಬ್ಬಿ, ಆರಿದ ಒಗ್ಗರಣೆ ಒಂದು ಸಣ್ಣ ಬಾಟಲಿ, ಬಿಡಿಸಿದ ಹಣ್ಣು ಎರಡು ಬೇರೆಬೇರೆ ಬಟ್ಟಲಲ್ಲಿ. ಚಕ್ಕೋತದ ಬಟ್ಟಲಿಗೆ ಕೆಂಪು ರಿಬ್ಬನ್ ಕಟ್ಟಿರುತ್ತೇನೆ, ಮಾತ್ರೆಯವರು ಆ ಕಡೆ ಬರಬೇಡಿ. ಎಲೆ ಹಾಕಿ ಪಲ್ಯ ಬಡಿಸುವ ಹೊತ್ತಿಗೆ ಎಲ್ಲರ ಎದುರೇ ಕಲಸುತ್ತೇನೆ. ವೈನಿ ಗುರೆಳ್ಳು ಪುಡಿ ತರುತ್ತಾರಂತೆ. ಯಾರಾದರೂ ಒಬ್ಬರು ಒಂದು ದೊಡ್ಡ ಬೇಸಿನ್ ತನ್ನಿ. ನಮ್ಮದು ಕಳೆದ ವರ್ಷ ಉಳಿದದ್ದನ್ನು ಹೊತ್ತುಕೊಂಡು ಹೋಗುವಾಗ ಗೇಟಿಗೆ ಬಡಿದು ನೆಗ್ಗಿಹೋಗಿದೆ.

ಇಂತಿ ನಿಮ್ಮ,
ಚಕ್ಕೋತ ಆಂಟಿ

ಮರೆತ ಮಾತು: ಸಿಪ್ಪೆ ಎಸೆಯುವುದಿಲ್ಲ. ಮೊಮ್ಮಕ್ಕಳನ್ನು ಕರೆತನ್ನಿ, ಎರಡು ಟೋಪಿ ಆಗುತ್ತದೆ.